ರಾತ್ರಿ ಓದಿದ್ದು ಬೆಳಗ್ಗೆ ನೆನಪಿರುವುದಿಲ್ಲ, ಇದು ವಯಸ್ಸಿನ ದೋಷವೇ?

ಕನಕಾಂಬರ

ಎಲ್ಲರಿಗೂ ನಮಸ್ಕಾರ. ನನಗೆ ಮೂವತ್ತೆಂಟು ವರ್ಷ. ಶಿಕಾರಿಪುರದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಬಿ.ಎಡ್. ಮುಗಿಸಿ ಹದಿನಾಲ್ಕು ವರ್ಷವಾಯಿತು. ಮದುವೆ, ಬಾಣಂತನ, ಅತ್ತೆಯವರ ಆರೈಕೆ ಎಂದು ಮುಚ್ಚಿಟ್ಟ ಪುಸ್ತಕವನ್ನು ಎರಡು ವರ್ಷದ ಹಿಂದೆ ಮತ್ತೆ ತೆರೆದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆಯನ್ನು ಎರಡು ಸಲ ಬರೆದಿದ್ದೇನೆ. 150ಕ್ಕೆ 90 ಬರಬೇಕು. ಮೊದಲ ಸಲ 79, ಎರಡನೇ ಸಲ 84. ಆರು ಅಂಕಕ್ಕೆ ಹೋಯಿತು. ಆ ದಿನ ಯಾರಿಗೂ ಕಾಣದಂತೆ ಹಿತ್ತಲಿನಲ್ಲಿ ನಿಂತು ಅತ್ತುಬಿಟ್ಟೆ.

ವಿಷಯವಾರು ಹೇಳುವುದಾದರೆ ಸಮಾಜ ವಿಜ್ಞಾನದಲ್ಲಿ 60ಕ್ಕೆ 41, ಕನ್ನಡದಲ್ಲಿ 30ಕ್ಕೆ 19, ಶಿಶು ವಿಕಸನದಲ್ಲಿ 13, ಇಂಗ್ಲಿಷಿನಲ್ಲಿ 11.

ನಾನು ಓದುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂರುತ್ತೇನೆ. ಮುಖ್ಯವಾದ ಸಾಲುಗಳಿಗೆ ಹಳದಿ ಬಣ್ಣ, ಅತಿ ಮುಖ್ಯವಾದವುಗಳಿಗೆ ಗುಲಾಬಿ ಬಣ್ಣ ಎಳೆಯುತ್ತೇನೆ. ಶಿಶು ವಿಕಸನದ ಗೈಡಿನಲ್ಲಿ ಈಗ ಬಣ್ಣವಿಲ್ಲದ ಸಾಲು ಹುಡುಕಬೇಕು. ನಾಲ್ಕು ಸಲ ಓದಿದ್ದೇನೆ. ಓದುವಾಗ ಎಲ್ಲವೂ ಗೊತ್ತಿರುವ ಹಾಗೆಯೇ ಇರುತ್ತದೆ. ಬೆಳಗ್ಗೆ ರೊಟ್ಟಿ ತಟ್ಟುವಾಗ, ಮಗುವಿನ ಯೋಚನೆ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕು ಹಂತ ಯಾವುವು ಎಂದು ಮನಸ್ಸಿಗೆ ಕೇಳಿಕೊಂಡರೆ ಎರಡು ಬರುತ್ತವೆ, ಮೂರನೆಯದಕ್ಕೆ ಇನ್ನೊಬ್ಬ ಮನೋವಿಜ್ಞಾನಿ ಎರಿಕ್‌ಸನ್ನರ ಹಂತವೊಂದು ಬಂದು ಸೇರಿಕೊಳ್ಳುತ್ತದೆ.

ಇದು ವಯಸ್ಸಿನ ಕಾರಣಕ್ಕೋ? ಮನಸ್ಸನ್ನು ಪಳಗಿಸುವ ದಾರಿ ನಿಜವಾಗಿಯೂ ಇದೆಯೇ? ಔಷಧಿ ಅಂಗಡಿಯವರು ಬ್ರಾಹ್ಮಿ ಮಾತ್ರೆ ತೆಗೆದುಕೊಳ್ಳಿ ಎಂದರು. ತೆಗೆದುಕೊಳ್ಳಲೇ? ಇದು ನನ್ನ ಮೂರನೇ ಪ್ರಯತ್ನ. ದಯವಿಟ್ಟು ಮಾಡಿ ನೋಡಿದವರು ಹೇಳಿ.

ಮಲೆನಾಡ ಮಳೆ

ಅಕ್ಕ, ನಾನು ನಲವತ್ತಮೂರಕ್ಕೆ ಇಲಾಖಾ ಪರೀಕ್ಷೆ ಪಾಸು ಮಾಡಿದವನು. ಹಾಗಾಗಿ ವಯಸ್ಸಿನ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ನನಗೆ ಗೊತ್ತಿರುವುದು ಎರಡೇ ವಿಷಯ. ಮೊಬೈಲನ್ನು ಓದುವ ಕೋಣೆಯಲ್ಲಿ ಇಡಬೇಡಿ. ಬೋರಲು ಹಾಕಿಟ್ಟರೂ ಮನಸ್ಸು ಅಲ್ಲೇ ಇರುತ್ತದೆ. ನಾನು ಅದನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ಬರುತ್ತಿದ್ದೆ. ಎರಡನೆಯದು ನಿದ್ದೆ. ಓದಿದ್ದು ತಲೆಯಲ್ಲಿ ನೆಲೆಗೊಳ್ಳುವುದು ಮಲಗಿದಾಗ. ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದರೆ ಒಂದು ಗಂಟೆ ಓದು ಕಡಿಮೆ ಮಾಡಿ, ಒಂದು ಗಂಟೆ ನಿದ್ದೆ ಹೆಚ್ಚು ಮಾಡಿ. ಮಾತ್ರೆಯ ವಿಷಯವನ್ನು ವೈದ್ಯರನ್ನು ಕೇಳದೆ ಮಾಡಬೇಡಿ.

ಜಗಲಿ

ತಂಗೀ, ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ನಿಮ್ಮ ವಿಷಯವನ್ನೇ ಹೇಳಿಕೊಟ್ಟು ನಿವೃತ್ತನಾದವನು. ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಉತ್ತರ ನಿಮ್ಮ ಅಂಕಪಟ್ಟಿಯಲ್ಲೇ ಇದೆ. ಸಮಾಜ ವಿಜ್ಞಾನದಲ್ಲಿ ನೂರಕ್ಕೆ ಅರವತ್ತೆಂಟರಷ್ಟು ತೆಗೆದವರ ನೆನಪಿನ ಶಕ್ತಿಗೆ ಏನಾಗಿದೆ? ಏನೂ ಆಗಿಲ್ಲ. ಆ ವಿಷಯವನ್ನು ನೀವು ದಿನವೂ ಕರಿಹಲಗೆಯ ಮುಂದೆ ನಿಂತು, ಪುಸ್ತಕ ನೋಡದೆ, ಬಾಯಿಬಿಟ್ಟು ಹೇಳುತ್ತೀರಿ. ಶಿಶು ವಿಕಸನವನ್ನು ನಾಲ್ಕು ಸಲ ಓದಿದ್ದೀರಿ, ಒಂದು ಸಲವೂ ಯಾರಿಗೂ ಹೇಳಿಲ್ಲ. ವ್ಯತ್ಯಾಸ ಇಷ್ಟೇ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿತ್ತು: ಒಪ್ಪಿಸುವುದು. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು ಎನ್ನುತ್ತಿದ್ದರು. ಓದು ಎನ್ನುವುದು ಬೇರೆ, ಒಪ್ಪಿಸು ಎನ್ನುವುದು ಬೇರೆ. ಪಾಠವನ್ನು ಕೈಯಿಂದ ಕೈಗೆ ವಸ್ತು ಕೊಟ್ಟಂತೆ ಗುರುಗಳಿಗೆ ಹಿಂದಿರುಗಿಸಿದರೆ ಮಾತ್ರ ಅದು ನಿನ್ನದಾಯಿತು ಎಂಬ ಅರ್ಥ ಆ ಮಾತಿನಲ್ಲಿದೆ. ಇದನ್ನು ಉರು ಹೊಡೆಯುವುದು ಎಂದು ಹೀಯಾಳಿಸಿ ನಾವೇ ಕೈಬಿಟ್ಟೆವು. ಅರ್ಥವಿಲ್ಲದ ಉರು ಬೇಡ ಎಂದದ್ದು ಸರಿ. ಆದರೆ ಉರುವಿನ ಜೊತೆಗೆ ಒಪ್ಪಿಸುವುದನ್ನೂ ಹೊರಗೆ ಹಾಕಿದ್ದು ದೊಡ್ಡ ತಪ್ಪು. ಈ ಮಾತನ್ನು ನಾನು ಸಂಕಟದಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ನನ್ನ ತರಗತಿಯಲ್ಲೂ ಹತ್ತು ವರ್ಷ ಆ ತಪ್ಪು ನಡೆಯಿತು.

ನನ್ನ ಅಜ್ಜ ಹೇಗೆ ಮಾಡುತ್ತಿದ್ದರು ಎಂದು ಹೇಳುತ್ತೇನೆ. ಸಾಗರದ ಕಡೆಯ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳೆಲ್ಲ ಜಗಲಿಯಲ್ಲಿ ಸಾಲಾಗಿ ಕೂರಬೇಕು. ವಾರ, ತಿಥಿ, ನಕ್ಷತ್ರ, ಅರವತ್ತು ಸಂವತ್ಸರ, ಆಮೇಲೆ ಮಗ್ಗಿ. ಅಜ್ಜ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಲೇ ಇರುತ್ತಿದ್ದರು, ತಲೆ ಎತ್ತುತ್ತಿರಲಿಲ್ಲ. ನಾವು ರಾಗವಾಗಿ ಹದಿನೇಳರ ಮಗ್ಗಿ ಹೇಳಿ ಮುಗಿಸಿ ಎದ್ದೇಳಬೇಕು ಎನ್ನುವಷ್ಟರಲ್ಲಿ ಸಿಪ್ಪೆ ಹಾರುವ ಸದ್ದು ನಿಲ್ಲುತ್ತಿತ್ತು. ‘ಹದಿನೇಳು ಎಂಟಲಿ?’ ನಾವು ಮನಸ್ಸಿನಲ್ಲೇ ಹದಿನೇಳು ಒಂದಲಿಯಿಂದ ಹತ್ತಲು ಶುರು ಮಾಡುತ್ತಿದ್ದೆವು. ತುಟಿ ಅಲ್ಲಾಡಿದ್ದು ಕಂಡರೆ ಅಜ್ಜ, ‘ಏಣಿ ಹತ್ತಬೇಡ, ಅಟ್ಟದ ಮೇಲೇ ಇರು’ ಎನ್ನುತ್ತಿದ್ದರು. ನೂರ ಮೂವತ್ತಾರು ಎಂದು ನೇರವಾಗಿ ಬರುವವರೆಗೆ ಬಿಡುತ್ತಿರಲಿಲ್ಲ. ಮರುದಿನ ಅದೇ ಪ್ರಶ್ನೆ ಬರಬಹುದು, ಬಾರದೆಯೂ ಇರಬಹುದು. ಎಂಟು ದಿನ ಬಿಟ್ಟು, ಊಟದ ನಡುವೆ, ಮಜ್ಜಿಗೆ ಸುರಿದುಕೊಳ್ಳುವಾಗ ಬರುತ್ತಿತ್ತು.

ಪರೀಕ್ಷೆಯಲ್ಲಿ ಕೇಳುವುದೂ ಹೀಗೆಯೇ ಅಲ್ಲವೇ? ಮೊದಲ ಪುಟದಿಂದ ಹೇಳಿ ಎಂದು ಯಾರೂ ಕೇಳುವುದಿಲ್ಲ. ನಡುವಿನಿಂದ ಕೇಳುತ್ತಾರೆ. ನಡುವಿನಿಂದ ಕೇಳಿಸಿಕೊಂಡು ಅಭ್ಯಾಸವಿಲ್ಲದ ಮನಸ್ಸು ತಡವರಿಸುತ್ತದೆ.

ಇನ್ನೊಂದು ಅನುಭವ. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ, ಅಂದರೆ ವೇಷವಿಲ್ಲದೆ ಕುಳಿತು ಪಾತ್ರದ ಮಾತನ್ನು ಆಡುತ್ತೇನೆ. ಮೊದಲ ಸಲ ವಿದುರನ ಪಾತ್ರ ಕೊಟ್ಟಾಗ ಪದ್ಯಗಳನ್ನೂ ಹಿರಿಯರ ಅರ್ಥವನ್ನೂ ಬರೆದುಕೊಂಡು ನಲವತ್ತು ಸಲವಾದರೂ ಓದಿದ್ದೆ. ಭಾಗವತರು ಪದ್ಯ ಎತ್ತಿಕೊಂಡರು, ಮದ್ದಳೆ ನಿಂತಿತು, ಎಲ್ಲರೂ ನನ್ನ ಮುಖ ನೋಡಿದರು. ತಲೆಯಲ್ಲಿ ಏನೂ ಇರಲಿಲ್ಲ. ಎದುರು ಕುಳಿತಿದ್ದ ಹಿರಿಯ ಅರ್ಥಧಾರಿಗಳು ಒಂದು ಪ್ರಶ್ನೆ ಎಸೆದು ನನ್ನನ್ನು ಎತ್ತಿಕೊಂಡರು. ಆಮೇಲೆ ಅವರು ಹೇಳಿದ್ದು: ‘ಪಟ್ಟಿ ಕೈಯಲ್ಲಿದ್ದಷ್ಟು ಹೊತ್ತು ಪಾತ್ರ ಪಟ್ಟಿಯಲ್ಲೇ ಇರುತ್ತದೆ. ಕೊಟ್ಟಿಗೆಗೆ ಹೋಗು, ದನದ ಮುಂದೆ ಮಾತಾಡು. ನಿಂತ ಕಡೆ ನಿಲ್ಲು. ಎಷ್ಟು ಹೊತ್ತಾದರೂ ಹುಡುಕು. ಆಮೇಲೆ ಮಾತ್ರ ಪಟ್ಟಿ ನೋಡು.’ ಆ ತಡಕಾಟದಲ್ಲೇ ಕೆಲಸ ಆಗುತ್ತದೆ ತಂಗೀ. ಓದುವಾಗ ಸುಖವಾಗಿರುತ್ತದೆ, ಎಲ್ಲವೂ ಗೊತ್ತಿದೆ ಎನಿಸುತ್ತದೆ. ಅದು ಗುರುತು ಹತ್ತುವುದು ಮಾತ್ರ. ಸಂತೆಯಲ್ಲಿ ಮುಖ ಕಂಡರೆ ಗುರುತು ಹತ್ತುತ್ತದೆ, ಹೆಸರು ಹೇಳು ಎಂದರೆ ಬರುವುದಿಲ್ಲ, ಹಾಗೆ.

ಈಗ ಮಾಡಬೇಕಾದ್ದು. ಬಣ್ಣದ ಪೆನ್ನುಗಳನ್ನು ಮಕ್ಕಳಿಗೆ ಕೊಟ್ಟುಬಿಡಿ. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿರುವುದನ್ನೆಲ್ಲ ಹಳೆಯ ನೋಟುಪುಸ್ತಕದಲ್ಲಿ ಬರೆಯಿರಿ. ತೆರೆದು ನೋಡಿ, ಬಿಟ್ಟುಹೋದದ್ದನ್ನು ಬೇರೆ ಶಾಯಿಯಲ್ಲಿ ಸೇರಿಸಿ. ಬೆಳಗ್ಗೆ ರೊಟ್ಟಿ ತಟ್ಟುವಾಗ ಕೇಳಿಕೊಳ್ಳುತ್ತೀರಲ್ಲ, ಅದನ್ನು ಬಿಡಬೇಡಿ. ನೀವು ಅದನ್ನು ಸೋಲು ಎಂದು ಬರೆದಿದ್ದೀರಿ. ನಿಮ್ಮ ಇಡೀ ದಿನದಲ್ಲಿ ನಿಜವಾದ ಓದು ಅದೊಂದೇ.

ಧಾರವಾಡದ ಉಪನ್ಯಾಸಕಿ

ಜಗಲಿಯವರು ಹೇಳಿದ್ದಕ್ಕೆ ಸಂಶೋಧನೆಯ ಆಧಾರವೂ ಇದೆ. ನಾನು ಮನೋವಿಜ್ಞಾನ ಪಾಠ ಮಾಡುತ್ತೇನೆ, ಆದ್ದರಿಂದ ಎರಡು ಮಾತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು ಒಂದು ಪ್ರಯೋಗ ಮಾಡಿದರು. ಕೆಲವು ಭಾಗಗಳನ್ನು ಎರಡು ಸಲ ಓದಿಸಿದರು. ಇನ್ನು ಕೆಲವನ್ನು ಒಂದು ಸಲ ಓದಿಸಿ, ಎರಡನೇ ಸಲ ಪುಸ್ತಕ ನೋಡದೆ ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು, ಶೇಕಡ 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದಾಗ ತಿರುವುಮುರುವಾಯಿತು. ಓದಿದ್ದಷ್ಟೇ ಆದ ಭಾಗ ಶೇಕಡ 42 ಉಳಿದಿತ್ತು, ಬರೆದು ನೋಡಿದ ಭಾಗ 56. ರಾತ್ರಿ ಹನ್ನೊಂದೂವರೆಗೆ ನಿಮಗೆ ‘ಎಲ್ಲ ಗೊತ್ತಿದೆ’ ಅನಿಸುವುದು ಆ ಐದು ನಿಮಿಷದ ಲೆಕ್ಕ. ಪರೀಕ್ಷೆ ನಡೆಯುವುದು ವಾರದ, ತಿಂಗಳ ಲೆಕ್ಕದಲ್ಲಿ.

ಎರಡನೆಯದು, ನಿಮ್ಮ ಪಠ್ಯದಲ್ಲೇ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹಾಸ್ ಇದ್ದಾನೆ. 1885ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ತಾನೇ ಮರೆತು, ತಾನೇ ಲೆಕ್ಕ ಇಟ್ಟ. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಕಡಿದಾಗಿ ಇಳಿಯುತ್ತದೆ. ಒಂದು ದಿನದ ಹೊತ್ತಿಗೆ ಉಳಿತಾಯ, ಅಂದರೆ ಮತ್ತೆ ಕಲಿಯುವಾಗ ಉಳಿಯುವ ಶ್ರಮ, ಸುಮಾರು ಮೂರನೇ ಒಂದು ಭಾಗ. ಆಮೇಲಿನ ಇಳಿತ ನಿಧಾನ, ತಿಂಗಳ ಕೊನೆಗೂ ಐದನೇ ಒಂದು ಭಾಗದಷ್ಟು ಉಳಿದಿರುತ್ತದೆ. ಅವನಿಗೆ ಆಗ ಮೂವತ್ತರ ಆಸುಪಾಸು, ಆರೋಗ್ಯವಂತ. ಅಂದರೆ ನಿಮಗೆ ಆಗುತ್ತಿರುವುದು ಕಾಯಿಲೆಯಲ್ಲ. ಮೊದಲ ಮರುನೆನಪು ಮರುದಿನ ಬೆಳಗ್ಗೆಯೇ ಆಗಬೇಕು, ಎರಡನೆಯದು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ, ಹೀಗೆ ಅಂತರ ಹಿಗ್ಗುತ್ತ ಹೋಗಲಿ.

ಇದನ್ನು ಲೆಕ್ಕ ಇಡುವುದು ಕಷ್ಟವೆನಿಸಿದರೆ ಖಾನೆಗಳಿರುವ ಪೆಟ್ಟಿಗೆ ಮಾಡಿಕೊಳ್ಳಿ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ 1972ರಲ್ಲಿ ಹೇಳಿದ ಉಪಾಯ. ಚೀಟಿಯ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಎಲ್ಲಿದ್ದರೂ ಮೊದಲ ಖಾನೆಗೆ. ಮೊದಲ ಖಾನೆ ದಿನವೂ, ಕೊನೆಯ ಖಾನೆ ತಿಂಗಳಿಗೊಮ್ಮೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಇದಕ್ಕೆ ಬಹಳ ಚೆನ್ನಾಗಿರುತ್ತದೆ. ನನ್ನ ವಿದ್ಯಾರ್ಥಿನಿಯರು ಮಿಠಾಯಿ ಪೆಟ್ಟಿಗೆಯಲ್ಲಿ ರಟ್ಟಿನ ಅಡ್ಡಗೋಡೆ ಇಟ್ಟು ಮಾಡಿಕೊಳ್ಳುತ್ತಾರೆ.

ಕನಕಾಂಬರ

ಮೇಷ್ಟ್ರೇ, ಮೇಡಂ, ನಿಮ್ಮಿಬ್ಬರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಐದು ದಿನ ಮಾಡಿದೆ. ಮೊದಲ ದಿನ ಪುಸ್ತಕ ಮುಚ್ಚಿ ಬರೆಯಲು ಕುಳಿತರೆ ನಾಲ್ಕು ಸಲ ಓದಿದ ಪುಟದಿಂದ ಮೂರು ಸಾಲು ಬಂತು. ಎದೆ ಧಸಕ್ಕೆಂದಿತು. ಮೂರನೇ ದಿನಕ್ಕೆ ಅದೇ ಪುಟದಿಂದ ಹನ್ನೊಂದು ಸಾಲು.

ಈಗ ಎರಡು ತೊಡಕು. ಆಂಗ್ಲೋ-ಮೈಸೂರು ಯುದ್ಧಗಳ ಪಾಠವನ್ನು ನಾನು ಹೇಳಿಕೊಡುವುದಿಲ್ಲ. ಯಾವ ಒಪ್ಪಂದ ಯಾವ ಇಸವಿ ಎಂಬುದು ಎಷ್ಟು ಬರೆದರೂ ಅದಲುಬದಲಾಗುತ್ತದೆ. ಇನ್ನೊಂದು, ನನ್ನ ಮನೆಯಲ್ಲಿ ಹದಿನೈದು ನಿಮಿಷ ಸತತವಾಗಿ ಕೂರಲು ಆಗುವುದಿಲ್ಲ. ಅತ್ತೆ ಕರೆಯುತ್ತಾರೆ, ಮಗ ಏಳುತ್ತಾನೆ. ಏಕಾಗ್ರತೆ ಎಂದರೆ ಅಲುಗದೆ ಎರಡು ಗಂಟೆ ಕೂರುವುದಾದರೆ ಅದು ನನ್ನ ಹಣೆಯಲ್ಲಿ ಬರೆದಿಲ್ಲ.

ಜಗಲಿ

ಇಸವಿಯನ್ನು ಬಿಡಿ, ಮೊದಲು ನಕ್ಷೆ ತೆರೆಯಿರಿ. ಒಪ್ಪಂದಗಳ ಹೆಸರೆಲ್ಲ ಊರಿನ ಹೆಸರು. ಯಾರ ಬಾಗಿಲಿನಲ್ಲಿ ಸಹಿ ಬಿತ್ತು ಎಂದು ಮಾತ್ರ ಕೇಳಿಕೊಳ್ಳಿ.

ಮೊದಲ ಯುದ್ಧದ ಕೊನೆಗೆ ಹೈದರಾಲಿ ಕುದುರೆ ಸೇನೆಯೊಂದಿಗೆ ಮದರಾಸಿನ ಬಾಗಿಲಿಗೇ ಹೋಗಿ ನಿಂತ. ಇಂಗ್ಲಿಷರ ಮನೆ ಬಾಗಿಲು. ಅದಕ್ಕೇ ಮದರಾಸು ಒಪ್ಪಂದ, 1769. ಎರಡನೆಯದರಲ್ಲಿ ಹೈದರ್ ನಡುವೆಯೇ ತೀರಿಕೊಂಡ, ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ, ಇಂಗ್ಲಿಷರ ಪ್ರತಿನಿಧಿಗಳು ಅಲ್ಲಿಗೇ ಬರಬೇಕಾಯಿತು. ಮಂಗಳೂರು ಒಪ್ಪಂದ, 1784. ಮೂರನೆಯದರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಮನೆ ಬಾಗಿಲಿಗೆ ಬಂದ. ಶ್ರೀರಂಗಪಟ್ಟಣ ಒಪ್ಪಂದ, 1792. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು. ನಾಲ್ಕನೆಯದರಲ್ಲಿ, 1799ರಲ್ಲಿ, ಬಾಗಿಲು ಒಡೆದು ಒಳಗೇ ಬಂದರು.

ಮದರಾಸು, ಮಂಗಳೂರು, ಶ್ರೀರಂಗಪಟ್ಟಣ. ಯುದ್ಧ ಇಂಗ್ಲಿಷರ ಹೊಸ್ತಿಲಿನಿಂದ ನಮ್ಮ ಹೊಸ್ತಿಲಿಗೆ ಇಪ್ಪತ್ತಮೂರು ವರ್ಷದಲ್ಲಿ ನಡೆದುಕೊಂಡು ಬಂದ ದಾರಿ ಅದು. ಹೀಗೆ ಹೇಳಿದ ಮೇಲೆ ನನ್ನ ತರಗತಿಯ ಒಂದು ಮಗುವೂ ಒಪ್ಪಂದಗಳ ಸಾಲು ತಪ್ಪಿಸಲಿಲ್ಲ. ಸಾಲು ಗಟ್ಟಿಯಾದರೆ ಇಸವಿ ತಾನಾಗಿ ಜಾಗ ಹಿಡಿಯುತ್ತದೆ. ಬಿಡಿ ಹೂವನ್ನು ಮಡಿಲಿನಲ್ಲಿ ಹೊತ್ತು ನಡೆದರೆ ದಾರಿಯುದ್ದಕ್ಕೂ ಉದುರುತ್ತದೆ, ದಾರಕ್ಕೆ ಪೋಣಿಸಬೇಕು.

ಶ್ರೋತೃ

ಕನಕಾಂಬರ ಅವರ ಎರಡನೇ ತೊಡಕಿಗೆ ನಾನು ಉತ್ತರಿಸುತ್ತೇನೆ. ನಾನು ಅವಧಾನಗಳಿಗೆ ಹುಡುಕಿಕೊಂಡು ಹೋಗಿ ಕೂರುವವನು. ಅವಧಾನ ಎಂದರೆ ಹಲವರು ಕೇಳುವುದಕ್ಕೆಲ್ಲ ಒಬ್ಬರೇ ಸ್ಥಳದಲ್ಲೇ ಪದ್ಯ ಕಟ್ಟಿ, ನೆನಪಿನಲ್ಲಿಟ್ಟು ಹೇಳುವ ಕಲೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಇರುತ್ತಾರೆ. ಒಬ್ಬರು ನಿಷೇಧಾಕ್ಷರಿ (ಅಕ್ಷರ ಅಕ್ಷರಕ್ಕೂ ತಡೆ ಹಾಕುವುದು), ಒಬ್ಬರು ಸಮಸ್ಯಾಪೂರಣ (ಕೊಟ್ಟ ಸಾಲಿಗೆ ಪದ್ಯ ಪೂರೈಸುವುದು), ಒಬ್ಬರು ದತ್ತಪದಿ (ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವುದು) ಕೊಡುತ್ತಾರೆ. ಇನ್ನೊಬ್ಬರು ಸಂಖ್ಯಾಬಂಧದ, ಅಂದರೆ ಅಂಕಿ ತುಂಬುವ ಚೌಕದ, ಮನೆಗಳನ್ನು ಬೇಕಾದಾಗ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರ ಕೆಲಸವೇ ನಡುನಡುವೆ ಬಾಯಿ ಹಾಕಿ ಕೆಡಿಸುವುದು.

ಅವಧಾನಿ ಎಂಟನ್ನೂ ಒಟ್ಟಿಗೆ ಮಾಡುತ್ತಾರೆ ಎಂದು ಮೊದಲು ನಾನೂ ತಿಳಿದಿದ್ದೆ. ಹಾಗಲ್ಲ. ಮೊದಲ ಸುತ್ತಿನಲ್ಲಿ ಒಬ್ಬರ ಪದ್ಯದ ಒಂದು ಪಾದ ಹೇಳಿ ಮುಂದಿನವರ ಬಳಿಗೆ ಹೋಗುತ್ತಾರೆ. ಎರಡನೇ ಸುತ್ತಿನಲ್ಲಿ ಮರಳಿ ಬಂದು ಬಿಟ್ಟಲ್ಲಿಂದ ಎರಡನೇ ಪಾದ. ಹೀಗೆ ನಾಲ್ಕು ಸುತ್ತು. ಕೊನೆಗೆ ಧಾರಣೆ, ಅಂದರೆ ಎಲ್ಲರ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸುವುದು. ಕೈಯಲ್ಲಿ ಕಾಗದವಿಲ್ಲ. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ನೂರು ಪೃಚ್ಛಕರೊಂದಿಗೆ ಕನ್ನಡದಲ್ಲೇ ಶತಾವಧಾನ ಮಾಡಿದರು.

ನಾವ್ಯಾರೂ ಅವಧಾನಿಗಳಲ್ಲ. ಆದರೆ ಅಲ್ಲಿ ಅಡ್ಡಿಯೇ ಸಾಧನ ಎಂಬುದನ್ನು ನೋಡಿ. ನಿಮ್ಮ ಅತ್ತೆಯವರು ಕರೆದಾಗ ಏಳುವ ಮುನ್ನ ಒಂದು ಉಸಿರಿನಷ್ಟು ನಿಂತು, ನಾನು ಎಲ್ಲಿದ್ದೆ ಎಂದು ಒಂದು ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡು ಏಳಿ. ಮರಳಿ ಬಂದಾಗ ಪುಸ್ತಕ ನೋಡದೆ ಆ ಮಾತನ್ನೇ ಮೊದಲು ಎತ್ತಿಕೊಳ್ಳಿ. ಆಮೇಲೆ ಮುಂದುವರಿಯಿರಿ. ಅಲುಗದೆ ಕೂರುವುದಕ್ಕಿಂತ ಬಿಟ್ಟಲ್ಲಿಗೆ ಮರಳುವುದು ನಿಮಗೆ ಹೆಚ್ಚು ಬೇಕಾದ ಅಭ್ಯಾಸ.

ಕನಕಾಂಬರ

ನಾಲ್ಕು ವಾರವಾಯಿತು, ತಿಳಿಸಬೇಕು ಎನಿಸಿತು. ಪರೀಕ್ಷೆ ಇನ್ನೂ ದೂರವಿದೆ, ಆದ್ದರಿಂದ ಅಂಕದ ಮಾತಿಲ್ಲ. ಮಿಠಾಯಿ ಪೆಟ್ಟಿಗೆಯಲ್ಲಿ ಈಗ 186 ಚೀಟಿಗಳಿವೆ. ಕೊನೆಯ ಖಾನೆಗೆ 23 ತಲುಪಿವೆ. ಇಂಗ್ಲಿಷಿನ ಚೀಟಿಗಳು ಮೊದಲ ಖಾನೆಯಿಂದ ಏಳುವುದಿಲ್ಲ ಎಂದು ಹಟ ಹಿಡಿದಿವೆ, ಅವಕ್ಕೆ ಏನು ಮಾಡಬೇಕೆಂದು ಬೇರೆಯಾಗಿ ಕೇಳುತ್ತೇನೆ. ಹತ್ತೂವರೆಗೆ ಮಲಗುತ್ತಿದ್ದೇನೆ. ಮಾತ್ರೆ ತೆಗೆದುಕೊಳ್ಳಲಿಲ್ಲ.

ಮಗಳು ಏಳನೇ ತರಗತಿ. ಬೆಳಗ್ಗೆ ನಾನು ಜಡೆ ಹಾಕುವಾಗ ಅವಳು ಚೀಟಿ ಹಿಡಿದು ನಡುವಿನಿಂದ ಕೇಳುತ್ತಾಳೆ. ಅತ್ತೆಯವರೂ ಒಳಗಿನಿಂದ ‘ಹೈದರಾಲಿ ಎಲ್ಲಿಗೆ ಹೋಗಿದ್ದನೇ?’ ಎಂದು ಕೇಳಲು ಶುರು ಮಾಡಿದ್ದಾರೆ.

ಮೇಷ್ಟ್ರೇ, ಪಿಯಾಜೆಯ ವಿಷಯ ನಿಮಗೆ ಹೇಳಲೇಬೇಕು. ಎರಡನೆಯದು ಕಾರ್ಯಪೂರ್ವ ಹಂತ, ಆ ವಯಸ್ಸಿನ ಮಗುವಿಗೆ ಪಾತ್ರೆಯ ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬುದು ತಿಳಿಯುವುದಿಲ್ಲ ಎಂದು ಚೀಟಿಯಲ್ಲಿ ಬರೆದಿದ್ದೆ. ಅದು ಮೂರು ಸಲ ಮೊದಲ ಖಾನೆಗೆ ಮರಳಿತ್ತು. ಮೊನ್ನೆ ಭಾನುವಾರ ಐದು ವರ್ಷದ ಮಗನನ್ನು ಕೂರಿಸಿಕೊಂಡು ಎರಡು ಒಂದೇ ಥರದ ಲೋಟಗಳಿಗೆ ಸಮನಾಗಿ ಹಾಲು ಸುರಿದೆ. ಎರಡರಲ್ಲೂ ಒಂದೇ ಅಷ್ಟಿದೆ ಎಂದು ಅವನೇ ಬಗ್ಗಿ ನೋಡಿ ಒಪ್ಪಿದ. ಅವನ ಕಣ್ಣೆದುರೇ ಒಂದು ಲೋಟದ ಹಾಲನ್ನು ಉದ್ದನೆಯ ಸಪೂರ ಗಾಜಿನ ಲೋಟಕ್ಕೆ ಬಗ್ಗಿಸಿದೆ. ಈಗ ಯಾವುದರಲ್ಲಿ ಜಾಸ್ತಿ ಎಂದು ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಉದ್ದದ ಲೋಟ ತೋರಿಸಿದ. ಮಗಳು ‘ಅಯ್ಯೋ ಪೆದ್ದ, ಎರಡೂ ಒಂದೇ ಕಣೋ’ ಎಂದು ನಕ್ಕಳು. ಪುಸ್ತಕದ ಎರಡು ಹಂತಗಳು ನನ್ನ ಅಡುಗೆಮನೆಯಲ್ಲಿ ಅಕ್ಕಪಕ್ಕ ಕುಳಿತಿದ್ದವು. ಅವನು ಜಾಸ್ತಿ ಇರುವುದೇ ಬೇಕು ಎಂದು ಉದ್ದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಕೆನೆ ಹತ್ತಿಸಿಕೊಂಡು, ಪೂರ್ತಿ ಕುಡಿದ.